ಗರಸಿನ ಗುಂಡಿಯ ದವಡೆ

ಮಾನ್ವಿಯಲ್ಲಿ ಪರ್ಸಿ ವೆಂಕೋಬ ಎಂದರೆ ಯಾರಿಗಾದರೂ ಗೊತ್ತಿತ್ತು. ಶಹಾಬಾದ್ ಕಡೆಯಿಂದ ಲಾರಿಯಲ್ಲಿ ಬರುವ ಬೂದುಬಣ್ಣದ ಪರ್ಸಿ ಕಲ್ಲನ್ನು ಮನೆಗಳ ನೆಲಕ್ಕೆ ಹಾಸುವುದು ಅವನ ಕಸುಬು. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ ಎಂದು ಮಂದಿ ಹೇಳುತ್ತಿದ್ದರು. ಒಂದು ಸಂಜೆ ಅವನು ಮೂಲೆ ಮುರಿದ ಪರ್ಸಿ ತುಂಡೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ. ಹೆಂಡತಿ ಗೋಪಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಪಾಠ ಓದುತ್ತಿದ್ದ ಮಗಳು ದಾನೇಶ್ವರಿಯ ಮುಂದೆ ವೆಂಕೋಬ ಆ ತುಂಡನ್ನಿಟ್ಟು ಟವೆಲು ಬಿಚ್ಚಿದ. ಕಲ್ಲಿನ ಮೇಲೆ ಕರಿ ಮಸಿಯಲ್ಲಿ ಬರೆದ ಹಾಗೆ ಒಂದು ಪುಟ್ಟ ಗಿಡವಿತ್ತು. ಕಾಂಡ, ಕೊಂಬೆ, ಕೊಂಬೆಗೊಂದು ಎಲೆಯ ಗೊಂಚಲು.

"ನೋಡವ್ವಾ, ಗಿಡ ಹೋಗಿ ಕಲ್ಲಾಗ್ಯದ. ಎಷ್ಟ್ ವರ್ಷದ್ದೋ ಏನೋ. ಸಾವ್ಕಾರರ ಮನಿ ನೆಲಕ್ಕ ಹಾಕಿ ಮಂದಿ ತುಳಿಯೂದು ಬ್ಯಾಡಂತ ಅನಸ್ತು, ತಂದೆ."

ದಾನೇಶ್ವರಿ ಅದನ್ನು ಶಾಲೆಗೆ ಒಯ್ದಳು. ವಿಜ್ಞಾನದ ಮಾಸ್ತರರು ಕನ್ನಡಕ ಏರಿಸಿ ನೋಡಿ, "ಇದಕ್ಕ ಪಳೆಯುಳಿಕೆ ಅಂತಾರ" ಎಂದು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು. ಇಡೀ ತರಗತಿ ಸರತಿಯಲ್ಲಿ ಬಂದು ಕಲ್ಲು ಮುಟ್ಟಿ ಹೋಯಿತು. ಅದುವರೆಗೆ ಆ ಹುಡುಗಿಯ ಪಕ್ಕದಲ್ಲಿ ಕೂರಲು ಹಿಂದೆಮುಂದೆ ನೋಡುತ್ತಿದ್ದವರೂ ಅಂದು ಅವಳ ಕೈಯಿಂದಲೇ ಕಲ್ಲು ಇಸಕೊಂಡರು. ಮುಂದೆ ಏನು ಓದಬೇಕು ಎಂಬುದನ್ನು ಅವಳು ಅಂದೇ ತೀರ್ಮಾನಿಸಿದಳೋ ಏನೋ. ಅವರ ಓಣಿಯಲ್ಲಿ ಹೆಣ್ಣುಮಕ್ಕಳು ಓದಿದರೆ ಡಿ.ಎಡ್. ಮಾಡುತ್ತಿದ್ದರು, ಇಲ್ಲವೇ ನರ್ಸಿಂಗ್ ಸೇರುತ್ತಿದ್ದರು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎಂದವಳು ಇವಳೊಬ್ಬಳೇ. "ಕಲ್ಲು ಹಾಸಾಂವನ ಮಗಳು ಕಲ್ಲೇ ಓದ್ತಾಳಂತ" ಎಂದು ಓಣಿಯವರು ನಕ್ಕರೆ ವೆಂಕೋಬನೂ ಜತೆಯಲ್ಲಿ ನಗುತ್ತಿದ್ದ. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಪಟಗಳ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ ಆ ಪರ್ಸಿ ತುಂಡು ಇರುತ್ತಿತ್ತು. ಬಂದವರಿಗೆಲ್ಲ ಅವನು ಅದನ್ನು ತೋರಿಸುತ್ತಿದ್ದ.

ಎಂ.ಎಸ್ಸಿ.ಯ ಮೊದಲ ವರ್ಷ ಅವಳು ಆ ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತನ್ನ ಪ್ರೊಫೆಸರರ ಮೇಜಿನ ಮೇಲಿಟ್ಟಳು. ಅವರು ಭೂತಗನ್ನಡಿ ಕೂಡ ತೆಗೆಯಲಿಲ್ಲ.

"ಇದು ಗಿಡ ಅಲ್ಲಮ್ಮ. ಕಲ್ಲಿನ ಸೀಳಿನೊಳಗೆ ನೀರು ಇಳಿದಿದೆ. ನೀರಿನ ಜೊತೆ ಬಂದ ಮ್ಯಾಂಗನೀಸ್ ಹೀಗೆ ಕವಲು ಕವಲಾಗಿ ಹರಡಿದೆ. ಎಲೆ ಅಂದ್ರೆ ಅದಕ್ಕೊಂದು ನಡುನರ ಇರಬೇಕು, ಅಂಚು ಇರಬೇಕು. ಇದರಲ್ಲಿ ಎಲ್ಲಿದೆ ತೋರಿಸು. ಮತ್ತೆ ಈ ಕಲ್ಲು ಹುಟ್ಟಿದಾಗ ನೆಲದ ಮೇಲೆ ಗಿಡ ಅನ್ನೋದೇ ಇರಲಿಲ್ಲ."

ಅವಳಿಗೆ ಬೇಸರವಾಗಲಿಲ್ಲ. ಹೊಸದೊಂದು ತಿಳಿಯಿತಲ್ಲ ಎಂಬ ಹುರುಪೇ ಹೆಚ್ಚಾಗಿತ್ತು. ಆ ವಾರ ಊರಿಗೆ ಬಂದವಳು ಊಟಕ್ಕೆ ಕೂತ ಅಪ್ಪನ ಎದುರೇ ಎಲ್ಲ ಹೇಳಿದಳು. ನಡುನರದ ಮಾತು, ಮ್ಯಾಂಗನೀಸಿನ ಮಾತು, ಗಿಡವೇ ಇಲ್ಲದ ಕಾಲದ ಮಾತು. ವೆಂಕೋಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಹಂಗಾರ ಅದು ಬರೇ ಕಲ್ಲು?"

"ಬರೇ ಕಲ್ಲು ಯಪ್ಪಾ."

"ಹೂಂ" ಎಂದ. ಮತ್ತೆ ರೊಟ್ಟಿ ಮುರಿದ. ಅವನು ಆ ಕಲ್ಲನ್ನು ಎಸೆಯಲಿಲ್ಲ, ಬೈಯಲೂ ಇಲ್ಲ. ಆದರೆ ಬಂದವರಿಗೆ ತೋರಿಸುವುದನ್ನು ಬಿಟ್ಟ. ಆಮೇಲೊಂದು ದಿನ ಗೋಪಮ್ಮ ಅದನ್ನು ಒಯ್ದು ಬಚ್ಚಲಿನ ಕೊಡದ ಕೆಳಗಿಟ್ಟಳು. ಅಪ್ಪ ಕೆಲಸದಿಂದ ಬರುವಾಗ ಟವೆಲಿನಲ್ಲಿ ಏನನ್ನೂ ಸುತ್ತಿ ತರುವುದಿಲ್ಲ ಎಂಬುದು ದಾನೇಶ್ವರಿಗೆ ಗೊತ್ತಾಗಲು ಬಹಳ ದಿನ ಹಿಡಿಯಿತು.

ಓದು ಮುಗಿದ ಮೇಲೆ ರಾಯಚೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿಯಾದಳು. ಹೆಸರಿಗೆ ಅತಿಥಿ, ವರ್ಷ ವರ್ಷವೂ ಹೊಸದಾಗಿ ಕರೆಯಬೇಕು. ತೀನ್ ಕಂದಿಲ್ ಹತ್ತಿರ ಒಂದು ಕೋಣೆ ಹಿಡಿದಿದ್ದಳು. ಕಲ್ಲು ಗುರುತಿಸುವ ಮೇಡಂ ಒಬ್ಬರಿದ್ದಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಮಂದಿ ಚೀಲ ಹಿಡಿದು ಬರತೊಡಗಿದರು. ಕಲ್ಮಲದ ಒಬ್ಬ ರೈತ ಹೆಡೆ ಎತ್ತಿದ ಹಾವಿನಂಥ ಕಲ್ಲು ತಂದ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಆಮೆಯ ಬೆನ್ನು ತಂದರು. ಅದು ನೀರು ಉಜ್ಜಿ ಉಜ್ಜಿ ಗುಂಡಗಾಗಿಸಿದ ಗ್ರಾನೈಟ್, ಅದರ ಮೇಲಿನ ಗೆರೆಗಳು ಬಿಸಿಲಿಗೆ ಬಿಟ್ಟ ಬಿರುಕು. ಮನುಷ್ಯನ ಬೆರಳೆಂದು ಒಬ್ಬಾಕೆ ತಂದದ್ದು ಎರೆಮಣ್ಣಿನಲ್ಲಿ ಬೆಳೆಯುವ ಸುಣ್ಣದ ಗಂಟು, ನಮ್ಮ ಕಡೆ ಕಂಕರ ಎನ್ನುತ್ತಾರಲ್ಲ, ಅದು. ದಾನೇಶ್ವರಿ ಒಂದು ಹನಿ ಆಮ್ಲ ಬಿಟ್ಟು ಬುಸ್ ಎಂದು ನೊರೆ ಏಳುವುದನ್ನು ತೋರಿಸುತ್ತಿದ್ದಳು, ಮುರಿದ ಅಂಚನ್ನು ಭೂತಗನ್ನಡಿಯ ಕೆಳಗೆ ಹಿಡಿಯುತ್ತಿದ್ದಳು. "ಮೂಳಿ ಆಗಿದ್ರ ಒಳಗ ಸಣ್ಣ ಸಣ್ಣ ತೂತು ಇರ್ತಾವ್ರಿ, ಸ್ಪಂಜಿನಂಗ. ಇದು ನೋಡ್ರಿ, ಒಳಗೂ ಹೊರಗೂ ಒಂದೇ" ಎನ್ನುತ್ತಿದ್ದಳು. ಬಂದವರ ಮುಖ ಬಾಡುತ್ತಿತ್ತು. ರಾಯಚೂರು ಸೀಮೆಯ ನೆಲವೆಲ್ಲ ಗಿಡ, ಪ್ರಾಣಿ ಹುಟ್ಟುವ ಮೊದಲಿನ ಬೆಂಕಿಯ ಕಲ್ಲು, ಅದರಲ್ಲಿ ಪಳೆಯುಳಿಕೆ ಸಿಗುವುದಿಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ತರುವವರು ತರುತ್ತಲೇ ಇದ್ದರು, ಅವಳು ಇಲ್ಲ ಎನ್ನುತ್ತಲೇ ಇದ್ದಳು.

ಸ್ಟಾಫ್ ರೂಮಿನಲ್ಲಿ ಯಾರೋ ನೀರಮಾನ್ವಿಯ ದೇವಿಯ ಹೆಸರಿಗೆ ಪ್ರಾಸ ಹೊಂದಿಸಿ ಅವಳಿಗೊಂದು ಹೆಸರಿಟ್ಟರು. "ನೀರಮಾನ್ವ್ಯಾಗ ಎಲ್ಲಮ್ಮ, ರಾಯಚೂರಾಗ ಇಲ್ಲಮ್ಮ." ಅದು ವಿದ್ಯಾರ್ಥಿಗಳ ಬಾಯಿಗೂ ಬಿತ್ತು. ಕೇಳಿಸಿದರೂ ಕೇಳಿಸದಂತೆ ಇರುವುದು ಅವಳಿಗೆ ಚಿಕ್ಕಂದಿನಿಂದ ರೂಢಿಯಾಗಿತ್ತು.

ಅಷ್ಟರಲ್ಲಿ ಪರ್ಸಿಯ ಕಾಲ ಮುಗಿದು ಗ್ರಾನೈಟಿನ ಕಾಲ ಬಂದಿತ್ತು. ವೆಂಕೋಬನ ಕೈಗೆ ಉಳಿ ಹೋಗಿ ಕೊಯ್ಯುವ ಮಷೀನು ಬಂತು. ಮುಖಕ್ಕೆ ಒಂದು ದಸ್ತಿ ಕಟ್ಟಿಕೊಂಡು ಬಿಳಿ ಧೂಳಿನ ಮೋಡದಲ್ಲಿ ದಿನವಿಡೀ ಕೂರುತ್ತಿದ್ದ. ಮೊದಲು ಬಂದದ್ದು ಒಣ ಕೆಮ್ಮು. ಆಮೇಲೆ ಮೆಟ್ಟಿಲು ಹತ್ತಿದರೆ ಉಬ್ಬಸ. ರಾಯಚೂರಿನ ಡಾಕ್ಟರು ಕ್ಷಯವಲ್ಲ ಎಂದರು, ಪುಪ್ಪುಸಕ್ಕೆ ಕಲ್ಲಿನ ಧೂಳು ಹತ್ತಿದೆ, ಅದು ಇಳಿಯುವುದಿಲ್ಲ, ಇನ್ನು ಮಷೀನು ಮುಟ್ಟಬೇಡ ಎಂದರು. ಅವನು ಮನೆ ಹಿಡಿದ.

ಅದೇ ವರ್ಷ ಪೋತ್ನಾಳದಲ್ಲಿ ಮೊಟ್ಟೆ ಸಿಕ್ಕಿತು. ರೈಸ್ ಮಿಲ್ಲಿನ ಗಡಿಗೆಪ್ಪನವರು ಹೊಸ ಗೋದಾಮಿಗೆ ಪಾಯ ತೋಡಿಸುವಾಗ ಕಲ್ಲಂಗಡಿ ಗಾತ್ರದ ಕರಿಯ ಗುಂಡೊಂದು ಮೇಲೆ ಬಂತು. ಅದರ ಮೈ ಮೇಲಿನ ಸಿಪ್ಪೆ ಪದರು ಪದರಾಗಿ ಏಳುತ್ತಿತ್ತು. ಯಾವನೋ ಡೈನೋಸಾರ್ ಮೊಟ್ಟೆ ಎಂದ, ಇನ್ನೊಬ್ಬ ಮೊಬೈಲಿನಲ್ಲಿ ಹಾಕಿದ. ಮರುದಿನದಿಂದ ಸುತ್ತಲಿನ ಊರುಗಳವರು ಟಂಟಂನಲ್ಲಿ ತುಂಬಿಕೊಂಡು ಬಂದರು. ಗಡಿಗೆಪ್ಪನವರ ಹೆಂಡತಿ ವೀರಭದ್ರಮ್ಮ ಅದಕ್ಕೆ ಕುಂಕುಮ ಇಟ್ಟು, ಕೆಳಗೆ ಹೊಸ ಭತ್ತ ಹರವಿದರು. ಕಾಲೇಜಿನ ಆಡಳಿತ ಮಂಡಳಿಯಲ್ಲಿ ಗಡಿಗೆಪ್ಪನವರ ಬೀಗರಿದ್ದರು. ದಾನೇಶ್ವರಿಯನ್ನು ಕಾರಿನಲ್ಲಿ ಕರೆಸಿದರು.

ಅಂಗಳದ ತುಂಬ ಮಂದಿ, ಮೂಲೆಯಲ್ಲಿ ಪತ್ರಿಕೆಯವರು. ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಬಂದ ಚಹಾ ಅವಳಿಗೆ ಕಾಗದದ ಲೋಟದಲ್ಲಿ ಬಂತು. ಅವಳು ಕುಡಿದು ಲೋಟ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಬರ್ರಿ ಮೇಡಂ, ನೋಡ್ರಿ. ನಿಮ್ಮ ಬಾಯಿಂದ ಒಂದು ಮಾತು ಬಂದ್ರ ಸಾಕು" ಎಂದರು ಗಡಿಗೆಪ್ಪ.

ಅವಳು ಬಗ್ಗಿ ನೋಡಿದಳು. ನೋಡಿದ ಕೂಡಲೇ ಗೊತ್ತಾಯಿತು. ಆದರೂ ಒಂದು ಸಿಪ್ಪೆ ಬಿಡಿಸಿ ಭೂತಗನ್ನಡಿ ಹಿಡಿದಳು. ಮೊಟ್ಟೆಯ ಚಿಪ್ಪು ಒಂದೇ ಪದರ, ತೆಳುವಾಗಿ, ಸೂಜಿಮೊನೆಯಂಥ ತೂತುಗಳಿಂದ ತುಂಬಿರುತ್ತದೆ, ಒಳಗಿನದು ಬೇರೆಯೇ ಇರುತ್ತದೆ. ಇಲ್ಲಿ ಉಳ್ಳಾಗಡ್ಡಿಯ ಹಾಗೆ ಸಿಪ್ಪೆಯ ಕೆಳಗೆ ಸಿಪ್ಪೆ, ಎಲ್ಲವೂ ಅದೇ ಕರಿಕಲ್ಲು. ಮಣ್ಣಿನೊಳಗೆ ಸಾವಿರಾರು ವರ್ಷ ನೀರು ಕುಡಿದ ಕರಿಕಲ್ಲು ಮೂಲೆ ಕಳಕೊಂಡು ಹೀಗೆ ಗುಂಡಗಾಗುತ್ತದೆ.

"ಇದು ಮೊಟ್ಟಿ ಅಲ್ರಿ ಅಪ್ಪಾರ. ಕರಿಕಲ್ಲು. ನಿಮ್ಮ ಗೋದಾಮಿನ ಕೆಳಗ ಇಂಥವು ಇನ್ನೂ ಸಿಗ್ತಾವು."

ಅಂಗಳದಲ್ಲಿ ಗುಸುಗುಸು ಎದ್ದಿತು. ಪತ್ರಿಕೆಯವನೊಬ್ಬ ನಕ್ಕ. ಗಡಿಗೆಪ್ಪನವರು ಏನೂ ಆಗದವರಂತೆ, "ಆಯ್ತು ಬಿಡ್ರಿ, ಓದಿದವರು ಹೇಳೂದೂ ಕೇಳಬೇಕು" ಎಂದರು, ಆದರೆ ಕಾರಿನ ಡ್ರೈವರನನ್ನು ಕರೆಯಲಿಲ್ಲ. ವೀರಭದ್ರಮ್ಮ ಮಾತ್ರ ಗೇಟಿನವರೆಗೆ ಬಂದರು.

"ತಂಗೀ, ನಿನಗ ಗೊತ್ತಿದ್ದದ್ದು ನೀ ಹೇಳಿದಿ, ತಪ್ಪಿಲ್ಲ. ಆದ್ರ ಊರ ಮಂದಿ ಮುಂದ ಹೇಳಬೇಕಿತ್ತೇನು? ಒಳಗ ಬಂದು ನನ್ನ ಕಿವ್ಯಾಗ ಹೇಳಿದ್ರ ನಾನೇ ಒಯ್ದು ಹಿತ್ತಲದಾಗ ಇಡ್ತಿದ್ದೆ."

ದಾನೇಶ್ವರಿ ಚೀಲ ಹೆಗಲಿಗೇರಿಸಿಕೊಂಡಳು. ರಸ್ತೆಯವರೆಗೆ ನಡೆದು ಬಂದು ಬಸ್ಸು ಹಿಡಿದಳು. ಮುಂದಿನ ಜೂನಿನಲ್ಲಿ ಕಾಲೇಜಿನಿಂದ ಕರೆ ಬರಲಿಲ್ಲ. ಹೋಗಿ ಕೇಳಿದರೆ, "ಈ ವರ್ಷ ವರ್ಕ್‌ಲೋಡ್ ಇಲ್ಲ ಮೇಡಂ" ಎಂದು ಕ್ಲರ್ಕ್ ಅವಳ ಮುಖ ನೋಡದೇ ಹೇಳಿದ.

ಹಾಗಾಗಿ ಅವಳು ದೇವದುರ್ಗಕ್ಕೆ ಬಂದಳು. ಅಲ್ಲೊಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ. ಶನಿವಾರ ಶಾಲೆ ಬಿಟ್ಟ ಮೇಲೆ ಮಾನ್ವಿಗೆ ಹೋಗಿ ಅಪ್ಪನ ಹಾಸಿಗೆಯ ಪಕ್ಕ ಕೂತು, ಸೋಮವಾರ ಬೆಳಗಿನ ಬಸ್ಸಿಗೆ ತಿರುಗಿ ಬರುತ್ತಿದ್ದಳು. ಆಮ್ಲದ ಸೀಸೆಯನ್ನೂ ಭೂತಗನ್ನಡಿಯನ್ನೂ ಪೆಟ್ಟಿಗೆಯಲ್ಲಿ ಕಟ್ಟಿಟ್ಟಳು. ಯಾರೂ ಕಲ್ಲು ತರಬಾರದು ಎಂದೇ ಅವಳ ಮನಸ್ಸಿನಲ್ಲಿತ್ತು.

ತಂದವನು ಶಾಕಿರ್. ಜೆಸಿಬಿ ಓಡಿಸುವವನು, ನಲವತ್ತರ ಹತ್ತಿರದ ಆಳು. ಅವನ ಮಗಳು ಅಲ್ಮಾಸ್ ದಾನೇಶ್ವರಿಯ ತರಗತಿಯಲ್ಲಿ ಓದುತ್ತಿದ್ದಳು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಕಿಸೆಯಿಂದ ದಸ್ತಿ ತೆಗೆದ.

"ಮೇಡಂ, ಅಲ್ಮಾಸ್ ಅಬ್ಬಾ ರೀ ನಾನು. ನೀವು ಕಲ್ಲು ನೋಡ್ತೀರಂತ ಹೇಳಿದ್ಳು. ಹೊಳಿ ಕಡೆ ಬಸವಲಿಂಗನ ಹೊಲದಾಗ ರೋಡಿಗಿ ಹಾಸೂ ಗರಸು ಮಣ್ಣು ಅಗದು ಹೊಡಿಯಾಕತ್ತೀವಿ. ಬಕೆಟ್ಟಿನಾಗ ಬಂತು."

ಅವಳ ತುಟಿಯ ಮೇಲೆ ಇಲ್ಲ ಎಂಬ ಮಾತು ಆಗಲೇ ಬಂದಿತ್ತು. ದಸ್ತಿ ಬಿಚ್ಚಿದ. ಹೆಬ್ಬೆರಳಿಗಿಂತ ಉದ್ದದ, ಕಂದುಬಣ್ಣದ ತುಂಡು. ಕೈಗೆ ತೆಗೆದುಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಮೇಲ್ತುದಿ ಸವೆದು ಸಮವಾಗಿತ್ತು. ಆ ಸವೆದ ಮೈಯಲ್ಲಿ ಹಲ್ಲಿನ ಹೊಳಪು ಪದರ ಸುತ್ತಿ ಸುತ್ತಿ, ಮಡಿಕೆ ಬಿದ್ದು, ಎರಡು ಅರ್ಧಚಂದ್ರಗಳಾಗಿ ನಿಂತಿತ್ತು. ನೀರು ಹೀಗೆ ಬರೆಯುವುದಿಲ್ಲ, ಸುಣ್ಣ ಹೀಗೆ ಕಟ್ಟುವುದಿಲ್ಲ. ಮೇಯುವ ಪ್ರಾಣಿಯ ಬಾಯಿಯಲ್ಲಿ ಮಾತ್ರ ಇದು ಆಗುತ್ತದೆ. ಈಗಿನ ಎತ್ತಿನ ಹಲ್ಲಿಗಿಂತ ಬಹಳ ದೊಡ್ಡದು, ಒಳಗೆಲ್ಲ ಕಲ್ಲಾಗಿ ಹೋಗಿದೆ.

"ಎಲ್ಲಿ ಸಿಕ್ತು? ಆ ಜಾಗ ತೋರಸ್ತೀರೇನು?"

ಅಂದು ಶನಿವಾರ. ಮಾನ್ವಿಯ ಬಸ್ಸು ಬಿಟ್ಟು ಅವಳು ಶಾಕಿರನ ಬೈಕಿನ ಹಿಂದೆ ಕೂತಳು. ಕೃಷ್ಣೆಯ ಹಳೆಯ ದಂಡೆ ಅದು. ಹೊಳೆ ಈಗ ದೂರ ಸರಿದಿದೆ, ಆದರೆ ಒಂದು ಕಾಲದಲ್ಲಿ ಅದು ಹೊತ್ತು ತಂದ ಉಸುಕು, ಹರಳುಗಲ್ಲು ದಂಡೆಯ ಮೇಲೆ ಆಳೆತ್ತರ ಕೂತಿತ್ತು. ಬೆಂಕಿಯ ಕಲ್ಲಿನ ಸೀಮೆಯಲ್ಲಿ ಮೂಳೆ ಉಳಿಯಬಹುದಾದ ಜಾಗ ಇದೊಂದೇ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಜೆಸಿಬಿ ಕಡಿದ ಗೋಡೆಯ ತುಂಬ ಬಿಳಿ ಕಂಕರ ಹಸಿಶುಂಠಿಯ ಗೆಡ್ಡೆಗಳಂತೆ ಚಾಚಿಕೊಂಡಿತ್ತು. ಅದರ ನಡುವೆ, ಅದೇ ಬಿಳುಪಿನ, ಮೊಳದುದ್ದದ ಒಂದು ಕೊರಡು. ಮೊದಲ ನೋಟಕ್ಕೆ ಅದೂ ಕಂಕರವೇ. ಅವಳು ಮೊಣಕಾಲೂರಿ, ತಲೆಯ ಬಾಚಣಿಗೆ ತೆಗೆದು, ಅದರ ಹಲ್ಲಿನಿಂದ ಮಣ್ಣು ಸರಿಸಿದಳು. ಕೊರಡಿನ ಮೇಲಂಚಿನಲ್ಲಿ ಸಾಲಾಗಿ ಗುಳಿಗಳು. ಒಂದು ಗುಳಿ ಖಾಲಿ, ಪಕ್ಕದ್ದರಲ್ಲಿ ಕಂದುಬಣ್ಣದ ಹಲ್ಲು ಇನ್ನೂ ಕೂತಿತ್ತು.

"ಹೌದು" ಎಂದಳು. ತನ್ನ ದನಿ ತನಗೇ ಬೇರೆ ಕೇಳಿಸಿತು. "ಶಾಕಿರ್‌ಭಾಯಿ, ಇದು ಹೌದು. ದವಡಿ ಇದು."

ಶಾಕಿರ್ ನಗುತ್ತ, "ಮತ್ತ ತಗೀರಿ, ಒಯ್ಯೋಣ. ಅಂಗಿ ಬಿಚ್ಚಿ ಸುತ್ತಿಕೊಡ್ತೀನಿ" ಎಂದ.

ಅವಳಿಗೂ ಅದೇ ಆಸೆ. ಆದರೆ ಕೈ ಹಿಂದೆ ತೆಗೆದುಕೊಂಡಳು. ಒಣಗಿದ ಮೂಳೆ ಎಳೆದರೆ ಸುಣ್ಣದಂತೆ ಉದುರುತ್ತದೆ, ಪ್ಲಾಸ್ಟರಿನ ಪಟ್ಟಿ ಸುತ್ತಿ ಸುತ್ತಲಿನ ಮಣ್ಣಿನ ಸಮೇತ ಎತ್ತಬೇಕು. ಮೇಲಾಗಿ, ಯಾವ ಪದರದಲ್ಲಿ ಕೂತಿತ್ತು ಎಂಬುದನ್ನು ಬಲ್ಲವರು ಬಂದು ನೋಡಿದರೇ ಅದಕ್ಕೊಂದು ವಯಸ್ಸು, ಒಂದು ಹೆಸರು. ಕಿತ್ತು ಒಯ್ದರೆ ಮಾತು ಕಳಕೊಂಡ ಸಾಕ್ಷಿಯಷ್ಟೇ. ಅವಳು ಮೊಬೈಲಿನಲ್ಲಿ ಚಿತ್ರ ತೆಗೆದಳು. ನೆತ್ತಿಯ ಬಿಸಿಲು ಬಿಳಿ ಗೋಡೆಗೆ ಹೊಡೆದು ಕಣ್ಣು ಕುಕ್ಕುತ್ತಿತ್ತು.

ಹೊಲದ ಬಸವಲಿಂಗ ದೂರದಿಂದಲೇ ನೋಡಿ ಬಂದ. ಐವತ್ತೈದು ದಾಟಿದ ರೈತ, ಕೊರಳಲ್ಲಿ ಲಿಂಗ, ಹೆಗಲ ಮೇಲೆ ಚಾಟಿ. ಈಗಲೂ ಟ್ರ್ಯಾಕ್ಟರು ಕೊಳ್ಳದೆ ಜೋಡೆತ್ತು ಕಟ್ಟಿದ್ದ.

"ಏನ್ರಿ ಇದು?"

"ಪಳೆಯುಳಿಕೆ ರೀ. ಬಾಳ ಹಳೇ ಕಾಲದ ಒಂದು ಪ್ರಾಣಿ. ನಾ ರಾಯಚೂರಿಗಿ ಹೋಗಿ ಸಾಮಾನು ತರ್ತೀನಿ, ಇಲಾಖೆಯವರಿಗೂ ತಿಳಿಸಬೇಕಾಗ್ತದ. ಅಲ್ಲೀತನ ಇಲ್ಲಿ ಅಗಿಸಬ್ಯಾಡ್ರಿ."

"ಇಲಾಖೆ?" ಎಂದ ಬಸವಲಿಂಗ. ಅವಳ ಮುಖ ದಿಟ್ಟಿಸಿ, "ಪೋತ್ನಾಳದಾಗ ಮೊಟ್ಟಿ ಅಲ್ಲ ಅಂದ ಮೇಡಂ ನೀವೇ ಏನ್ರಿ?" ಎಂದು ಕೇಳಿದ.

"ಹೌದ್ರಿ, ನಾನೇ."

"ಮಂದಿ ದೇವರಂದ್ರ ನೀವು ಕಲ್ಲಂತೀರಿ. ನಾವು ಕಲ್ಲಂದ್ರ ನೀವು ಪ್ರಾಣಿ ಅಂತೀರಿ." ಸಿಟ್ಟಿನಿಂದಲ್ಲ, ಅರ್ಥವಾಗದವನ ಹಾಗೆ ಅಂದ. "ಆಗಲ್ರಿ. ಸೋಮವಾರ ತನಕ ನಿಲ್ಲಸ್ತೀನಿ."

ಅವಳು ರಾತ್ರಿಯೊಳಗೆ ರಾಯಚೂರು ಮುಟ್ಟಿದಳು. ಮರುದಿನ ನಿವೃತ್ತರಾಗಿದ್ದ ತನ್ನ ಪ್ರೊಫೆಸರರ ಮನೆಗೆ ಹೋದಳು. ಹಲ್ಲು ನೋಡಿ ಅವರು ಈ ಸಲ ಭೂತಗನ್ನಡಿ ತೆಗೆದರು. ತಾವೇ ಪುಣೆಯ ಕಡೆಯ ಒಬ್ಬ ಸಂಶೋಧಕರಿಗೆ ಫೋನು ಮಾಡಿದರು, ಬರುತ್ತೇವೆ ಎಂದರು ಅವರು. ಗಂಜ್ ಹತ್ತಿರ ಪ್ಲಾಸ್ಟರಿನ ಪುಡಿ ಕೊಂಡು, ಹಳೆಯ ಸೀರೆಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿದು, ಸೋಮವಾರ ಮೊದಲ ಬಸ್ಸಿಗೆ ಅವಳು ದೇವದುರ್ಗದ ದಾರಿ ಹಿಡಿದಳು. ಕಲ್ಮಲ ದಾಟುವಾಗ ಅಪ್ಪನಿಗೆ ಫೋನು ಹಚ್ಚಿದಳು. "ಯಪ್ಪಾ, ಒಂದು ಖರೇದು ಸಿಕ್ಕದ" ಎಂದಳು. ಆ ಕಡೆ ಕೆಮ್ಮು ಮಾತ್ರ ಕೇಳಿಸಿತು.

ಗುಂಡಿಯ ಹತ್ತಿರ ಹೋದಾಗ ಗೋಡೆ ಇರಲಿಲ್ಲ. ಅದು ಇದ್ದಲ್ಲಿಂದ ಹಿಂದಕ್ಕೆ ಒಂದು ಮನೆಯಷ್ಟು ಜಾಗ ಖಾಲಿಯಾಗಿತ್ತು. ಬಕೆಟ್ಟಿನ ಹಲ್ಲುಗಳ ಗೀರು ಹಸಿ ಮಣ್ಣಿನಲ್ಲಿ ಹೊಸದಾಗಿ ಕಾಣುತ್ತಿತ್ತು. ಟಿಪ್ಪರುಗಳು ಆಗಲೇ ಹೋಗಿದ್ದವು. ಶಾಕಿರ್ ಜೆಸಿಬಿಯ ನೆರಳಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿನ್ನಿ ಬಸವಲಿಂಗನ ಭಾವ ಬಂದಿದ್ನಂತ ಮೇಡಂ. ಸರಕಾರದವರು ಬಂದು ತಂತಿ ಬೇಲಿ ಹಾಕ್ತಾರ, ಹೊಲ ಹೋಯ್ತು ಅಂತ ತಿಳ್ಕೋ ಅಂದ್ನಂತ. ಮುಂಜಾನೆ ನಸುಕಿಗೇ ನನ್ನ ಎಬ್ಬಿಸಿದ್ರು. ನಾ ಒಲ್ಲೆ ಅಂದ್ರ ಇನ್ನೊಬ್ಬಾಂವ ಬಂದು ಹೊಡೀತಿದ್ದ. ನಾನೇ ಇದ್ರ ಉಳಿಸಬಹುದಂತ ಬಕೆಟ್ ಮೆಲ್ಲಗ ತಂದೆ ರೀ, ಕೂಸಿನ ಮ್ಯಾಲ ಕೈ ಇಟ್ಟಂಗ ತಂದೆ. ಮುಟ್ಟಿದ್ದೇ ತಡ, ಗೋಡಿ ಗೋಡಿನೇ ಕುಸೀತು."

ಯೂರಿಯಾ ಚೀಲವೊಂದನ್ನು ಮುಂದೆ ತಳ್ಳಿದ. ಕೈಗೆ ಸಿಕ್ಕಿದ್ದನ್ನು ಬಾಚಿ ತುಂಬಿದ್ದ. ಚೀಲದಲ್ಲಿ ಇದ್ದದ್ದು ಬಿಳಿ ಚೂರು. ಎಲ್ಲವೂ ಒಂದೇ ಬಿಳುಪು.

ದಾನೇಶ್ವರಿ ಅಳಲಿಲ್ಲ. ಪ್ಲಾಸ್ಟರಿನ ಪುಡಿಯ ಪೊಟ್ಟಣ ಹಿಡಿದುಕೊಂಡೇ ಆ ಗೀರುಗಳನ್ನು ನೋಡುತ್ತ ನಿಂತಿದ್ದಳು. ಶನಿವಾರವೇ ಎಳೆದು ತೆಗೆದಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಸರಿಯಾದ ಕ್ರಮ ಯಾವುದೋ ಅದನ್ನೇ ಮಾಡಿದ್ದಳು.

ಚೀಲವನ್ನು ಮಾನ್ವಿಗೆ ಒಯ್ದಳು. ರಜೆ ಹಾಕಿ, ಅಂಗಳದ ಬೇವಿನ ನೆರಳಲ್ಲಿ ಗೋಣಿತಟ್ಟು ಹಾಸಿ, ಚೂರು ಚೂರು ಬೇರ್ಪಡಿಸಲು ಕೂತಳು. ಕಂಕರ ಯಾವುದು, ಮೂಳೆ ಯಾವುದು. ಆಮ್ಲ ಹಾಕಿದರೆ ಎರಡೂ ನೊರೆ ಬಿಡುತ್ತಿದ್ದವು, ಮೂಳೆಯೊಳಗೂ ಸುಣ್ಣ ಸೇರಿಹೋಗಿತ್ತು. ಭೂತಗನ್ನಡಿಯೊಂದೇ ಗತಿ. ವೆಂಕೋಬ ಮಂಚದ ಮೇಲೆ ಒರಗಿ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, "ನನಗೂ ಹೇಳಿಕೊಡವ್ವಾ" ಎಂದ.

"ನಾಲಗಿಗೆ ಹಚ್ಚಿ ನೋಡು ಯಪ್ಪಾ. ಮೂಳಿ ಇದ್ರ ಅಂಟ್ತದ. ಆದ್ರ ಕಂಕರಾನೂ ಒಮ್ಮೊಮ್ಮೆ ಅಂಟ್ತದ, ಅದನ್ನ ಪೂರಾ ನಂಬೂ ಹಂಗಿಲ್ಲ."

ಅವನು ಒಂದು ಚೂರು ತೆಗೆದು ನಾಲಗೆಗೆ ಹಚ್ಚಿದ. ಅಂಟಿತು. ಮಗುವಿನ ಹಾಗೆ ಕಣ್ಣರಳಿಸಿ ನಾಲಗೆ ಹೊರಚಾಚಿಯೇ ತೋರಿಸಿದ. ಅವಳು ಆ ಚೂರು ತೆಗೆದು ಮುರಿದ ಮೈ ನೋಡಿದಳು. ಸ್ಪಂಜಿನಂಥ ತೂತುಗಳು.

"ಹೌದು ಯಪ್ಪಾ. ಖರೇದು."

"ಖರೇನ?"

"ಖರೇನ."

ಅವನು ಆ ಚೂರನ್ನು ಕೆಳಗಿಡಲಿಲ್ಲ. ಮುಷ್ಟಿಯಲ್ಲಿಯೇ ಹಿಡಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಧೂಳು ಮೂಗಿಗೆ ಹೋಗಿ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಗೋಪಮ್ಮ ಓಡಿ ಬಂದು ಮಗಳನ್ನು ಬೈದಳು. "ಕಲ್ಲಿನ ಧೂಳೇ ಅಂವನ್ನ ತಿಂದದ, ಮತ್ತ ಅದನ್ನೇ ತಂದು ಮುಂದ ಸುರದಿ!" ದಾನೇಶ್ವರಿ ಗೋಣಿತಟ್ಟು ಎಳೆದುಕೊಂಡು ಹಿತ್ತಲಿಗೆ ಹೋದಳು.

ಬೇರ್ಪಡಿಸಿ ಉಳಿದದ್ದು ಎರಡು ಬೊಗಸೆ. ದವಡೆಯ ಆಕಾರ ಅವುಗಳಿಂದ ಕಟ್ಟಲಾಗಲಿಲ್ಲ. ಪುಣೆಯವರು ಬರುವುದನ್ನು ಕೈಬಿಟ್ಟು ಚಿತ್ರ ಕಳಿಸಲು ಹೇಳಿದರು. ಚಿತ್ರ ನೋಡಿ ಅವರು ಮರ್ಯಾದೆಯಿಂದಲೇ ಮಾತಾಡಿದರು. ಬಿಳಿಯ ಮೇಲೆ ಬಿಳಿ ಬಿದ್ದಿದೆ, ಕಂಕರವೂ ಇಂಥ ಆಕಾರ ತಳೆಯುವುದುಂಟು, ಚಿತ್ರದಿಂದ ಹೇಳಲಾಗದು ಎಂದರು. ಹಲ್ಲು ನಿಜವಾದದ್ದೇ, ಆದರೆ ಅದು ಆ ಪದರದ್ದೇ ಎನ್ನಲು ಪದರವೇ ಇಲ್ಲವಲ್ಲ. ಎಷ್ಟೋ ಜನರಿಗೆ ತಾನೇ ಹೇಳಿದ್ದ ಮಾತುಗಳನ್ನು ದಾನೇಶ್ವರಿ ಫೋನು ಕಿವಿಗೆ ಹಿಡಿದು ಕೊನೆಯವರೆಗೆ ಕೇಳಿಸಿಕೊಂಡಳು. "ಹೌದ್ರಿ ಸರ್, ನೀವು ಹೇಳೂದು ಬರೋಬ್ಬರಿ ಅದ" ಎಂದಳು.

ಮಳೆಗಾಲ ಹಿಡಿಯುವ ಮೊದಲು ವೆಂಕೋಬ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ, ಆಡಿದ್ದು ಮನೆಯ ಮಾತು, ನೀರು, ದಿಂಬು, ಅಷ್ಟೇ. ಕಲ್ಲಿನ ಸುದ್ದಿ ಅವನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಬಚ್ಚಲಿನ ಕೊಡದ ಕೆಳಗಿನ ಪರ್ಸಿಯ ಮಾತನ್ನು ಎಂದಾದರೂ ಒಮ್ಮೆ ಆಡಬೇಕು ಎಂದುಕೊಂಡಿದ್ದವಳಿಗೆ ಹೊತ್ತು ಸಿಗಲಿಲ್ಲ.

ದಿನಕರ್ಮ ಮುಗಿಸಿ ಅವಳು ದೇವದುರ್ಗಕ್ಕೆ ತಿರುಗಿ ಬಂದ ದಿನ, ಬಸ್ ಸ್ಟ್ಯಾಂಡಿನಲ್ಲಿ ಬಸವಲಿಂಗ ಎದುರಾದ. ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಹತ್ತಿರ ಬಂದು ಟವೆಲು ಹೆಗಲಿನಿಂದ ಇಳಿಸಿದ.

"ಅಪ್ಪಾರು ಹೋದ್ರಂತ ಶಾಕಿರ್ ಹೇಳಿದ. ಬಾಳ ಕೆಟ್ಟ ಅನಸ್ತು ರೀ."

ಅವಳು ತಲೆಯಾಡಿಸಿದಳು.

"ನಾ ಮಾತು ತಪ್ಪಿದೆ. ಹೊಲ ಹೋದ್ರ ನಾ ಏನು ತಿನ್ನಲಿ ಅಂತ ಹೆದರಿದೆ ನೋಡ್ರಿ." ಆಚೀಚೆ ನೋಡಿ ದನಿ ತಗ್ಗಿಸಿದ. "ಒಂದು ಕೇಳ್ತೀನಿ. ಅದು ಖರೇನ ಇತ್ತೇನು? ಯಾವ ಪ್ರಾಣಿ ಅದು?"

"ಎತ್ತಿನ ಜಾತಿದು ರೀ. ಈಗಿನ ಎತ್ತಲ್ಲ. ಮನಷಾ ಎತ್ತು ಕಟ್ಟೂದು ಕಲಿಯೂಕಿಂತ ಬಾಳ ಮೊದಲು, ಈ ಹೊಳಿ ದಂಡಿಮ್ಯಾಲ ಮೇಯಾಕತ್ತಿದ್ದ ಕಾಡೆತ್ತು."

ಬಸವಲಿಂಗನ ಕೈ ಟವೆಲನ್ನು ಹಿಂಡುತ್ತ ನಿಂತುಬಿಟ್ಟಿತು.

"ಎತ್ತೇನ್ರಿ?" ಎಂದ ಕಡೆಗೆ. "ನಮ್ಮ ಬಸವಣ್ಣ? ಅಯ್ಯ ಶಿವನೇ. ನೀವು ಪ್ರಾಣಿ ಅಂದ್ರಿ, ಇಲಾಖೆ ಅಂದ್ರಿ. ಎತ್ತು ಅಂತ ಒಂದು ಮಾತು ಹೇಳಿದ್ರ ನಾ ಯಾರನ್ನೂ ಮುಟ್ಟಗೊಡ್ತಿರಲಿಲ್ಲ ರೀ. ಹಗಲೂ ರಾತ್ರಿ ಅಲ್ಲೇ ಕುಂದರ್ತಿದ್ದೆ."

ದಾನೇಶ್ವರಿಗೆ ಅಂದೇ ಗೊತ್ತಿತ್ತು. ಹಲ್ಲು ಕೈಗೆ ಬಂದ ಗಳಿಗೆಯಲ್ಲೇ ಅದು ಎತ್ತಿನ ಕುಲದ್ದು ಎಂದು ಗೊತ್ತಿತ್ತು. ಹೇಳಬೇಕೆಂದು ಹೊಳೆದಿರಲಿಲ್ಲ. ಬಸವಲಿಂಗ ಕಣ್ಣೊರೆಸಿಕೊಂಡು, ಮತ್ತೇನೂ ಹೇಳದೆ, ತನ್ನ ಊರಿನ ಟಂಟಂ ಕಡೆ ನಡೆದ.

ಆ ಗರಸನ್ನು ಹಾಸಿದ ರಸ್ತೆ ಅವಳು ಹೋಗಿಬರುವ ದಾರಿಯಲ್ಲಿಯೇ ಬರುತ್ತದೆ. ಕೆಲವು ದಿನ ಅವಳು ಅಲ್ಲಿ ಇಳಿದು ಅಂಚಿನುದ್ದಕ್ಕೂ ನೆಲ ನೋಡುತ್ತ ನಡೆದಳು. ರೋಲರು ಎಲ್ಲವನ್ನೂ ಒಂದಾಗಿಸಿ ಹೊಸಕಿತ್ತು. ದಸರೆಯ ಹೊತ್ತಿಗೆ ಡಾಂಬರು ಬಿತ್ತು, ಅವಳು ಇಳಿಯುವುದನ್ನು ನಿಲ್ಲಿಸಿದಳು. ಹಲ್ಲನ್ನು ಪ್ರೊಫೆಸರರ ಕೈಗೆ ಕೊಟ್ಟಿದ್ದಾಳೆ. ಅವರು ಅದನ್ನು ಹತ್ತಿಯಲ್ಲಿಟ್ಟು, ಚೀಟಿಯಲ್ಲಿ ಸಿಕ್ಕ ಪದರ ಎಂಬಲ್ಲಿ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದಾರೆ.

ಶಾಕಿರ್ ಈಗ ಎಲ್ಲಿ ಅಗೆದರೂ, ಏನಾದರೂ ಬಿಳುಪು ಕಂಡರೆ ಮಷೀನು ನಿಲ್ಲಿಸಿ ಫೋನು ಮಾಡುತ್ತಾನೆ. ಅವಳು ಶಾಲೆ ಮುಗಿಸಿ ಹೋಗುತ್ತಾಳೆ. ಹೋದ ವಾರವೂ ಹೋಗಿದ್ದಳು. ಹೊಲದವರು ಯಾರು, ಮನೆಯಲ್ಲಿ ಯಾವ ದನ ಕಟ್ಟಿದ್ದಾರೆ ಎಂದು ಮೊದಲು ಕೇಳಿ, ಚಹಾ ಕುಡಿದು, ಆಮೇಲೆ ಗುಂಡಿಗಿಳಿದಳು. ಮುರಿದು ನೋಡಿದಳು. ಒಳಗೂ ಹೊರಗೂ ಒಂದೇ. ನಾಲಗೆಗೂ ಹಚ್ಚಿ ನೋಡಿದಳು.

"ಏನ್ ಮೇಡಂ?" ಎಂದ ಶಾಕಿರ್ ಮೇಲಿನಿಂದ.

"ಕಂಕರ" ಎಂದಳು. "ಅಗೀರಿ."

ಅವಳು ಮೇಲೆ ಹತ್ತಿ ಬರುವವರೆಗೆ ಕಾದು, ಶಾಕಿರ್ ಮಷೀನು ಚಾಲೂ ಮಾಡಿದ.